ಡೆಲಾನೋದಲ್ಲಿ ತಣ್ಣನೆಯ ಗಾಳಿ

ಮೂರನೇ ಶನಿವಾರವೂ ಬಂದಳು ರೊವೆನಾ ಬುಮಂಗ್ಲಾಗ್,
ದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಜಾಕೆಟ್ಟು ಸೊಂಟಕ್ಕೆ ಕಟ್ಟಿ,
ಫೋರ್ಕ್‌ಲಿಫ್ಟಿನ ಕೈಗವಸು ಹಿಂದಿನ ಜೇಬಲ್ಲಿ ನೇತಾಡಿಸಿ.
ಹೊರಗೆ ನೂರ ಎಂಟು ಫ್ಯಾರನ್‌ಹೀಟ್.
ಬೇಕರ್ಸ್‌ಫೀಲ್ಡಿನ ದಂತವೈದ್ಯನ ಮಗ ಬೇಸತ್ತು ಮಾರಿದ
ಅವಳ ಹಳದಿ ಮಿಯಾಟಾ, ನೆರಳಿಲ್ಲದ ಪಾರ್ಕಿಂಗಿನಲ್ಲಿ
ಬಾಣಲೆಗೆ ಒಡೆದು ಹಾಕಿದ ತತ್ತಿ.

'ತಣ್ಣನೆಯ ಗಾಳಿ ಬೇಕು,' ಅಂದಳು.
ಈ ಊರಲ್ಲಿ, ಜುಲೈ ತಿಂಗಳಲ್ಲಿ!
ನಕ್ಕೆ. ಅವಳು ನಗಲಿಲ್ಲ.

ಕೌಂಟರಿನ ಮೇಲೆ ಮತ್ತೆ ಮೂರು ಪೆಟ್ಟಿಗೆ ಬಿಚ್ಚಿದೆ.
ಗಿಡ್ಡ ಕೊಳವೆ, ತುದಿಗೆ ಕೆಂಪು ಶಂಖದಂಥ ಫಿಲ್ಟರು:
ಸುಲಭ, ಅಗ್ಗ. ಆದರೆ ಕೂರುವುದು ಎಂಜಿನ್ನಿನ ಮಗ್ಗುಲಲ್ಲೇ;
ಮುಸುಕು ಹೊದ್ದು ಮಲಗಿದವರ ಹಾಗೆ
ತಾನು ಬಿಟ್ಟ ಬಿಸಿಯನ್ನೇ ತಾನು ಎಳೆದುಕೊಳ್ಳುತ್ತದೆ.

ಉದ್ದನೆಯದು ಬಂಪರಿನ ಹಿಂದೆ ನೆಲದತನಕ ಇಳಿಯುತ್ತದೆ,
ಅಲ್ಲಿ ಗಾಳಿ ನಿಜಕ್ಕೂ ತಂಪು.
ಆದರೆ ತೋಟದ ಕಾಲುವೆ ಉಕ್ಕಿ ರಸ್ತೆಗೆ ಬಂದ ದಿನ
ಒಂದೇ ಒಂದು ಗುಟುಕು ನೀರು
ನೆತ್ತಿಗೆ ಹತ್ತಿ, ಎಂಜಿನ್ನು ಅಲ್ಲೇ ಮುಗಿಯುತ್ತದೆ.
ಹಾಗೆ ಸತ್ತದ್ದನ್ನು ನಾನೇ ಎರಡು ಸಲ ಎಳೆದು ತಂದಿದ್ದೇನೆ.

ಮೂರನೆಯದಕ್ಕೆ ಮುಚ್ಚಳವಿದೆ, ಸರ್ಕಾರದ ನಂಬರಿನ ಚೀಟಿಯಿದೆ,
ಹೊಗೆ ಪರೀಕ್ಷೆಯವನು ತಲೆದೂಗಿ ಸಹಿ ಹಾಕುತ್ತಾನೆ.
ಬೆಲೆ ಹೇಳುವಾಗ ಮಾತ್ರ ನಾನು ಬೇರೆ ಕಡೆ ನೋಡುತ್ತೇನೆ.

ಮೂರೂ ಪೆಟ್ಟಿಗೆಯ ಮೇಲೆ 'ಹನ್ನೆರಡು ಕುದುರೆ ಹೆಚ್ಚು' ಎಂದಿದೆ.
'ನಿಜವಾಗಿ ಎಷ್ಟು?'
'ನಾಲ್ಕು. ಅದರಲ್ಲೊಂದು ಕುಂಟು.'

ಆಗ ಅವಳು ಜೇಬಿನಿಂದ ತೆಗೆದಳು
ಪ್ಯಾಲೆಟ್ಟಿನ ಚೀಟಿ, ಬೆನ್ನಿಗೆ ಪೆನ್ಸಿಲ್ಲಿನ ಅಂಕಿ.
ದ್ರಾಕ್ಷಿಗೊಂಚಲಿನ ಎದೆಗೆ ಚುಚ್ಚಿ ಚಳಿ ಅಳೆಯುವ ಸೂಜಿಯನ್ನು
ಶಿಫ್ಟು ಮುಗಿದ ಮೇಲೆ ಯಾರಿಗೂ ಹೇಳದೆ ಎರವಲು ತಂದು,
ಕಾರಿನ ಜೊತೆ ಹುಟ್ಟಿದ ಹಳೇ ಡಬ್ಬಿಯೊಳಗೆ ಟೇಪು ಸುತ್ತಿ ಇಳಿಬಿಟ್ಟು,
ರಾತ್ರಿ ಎರಡಕ್ಕೆ ತೊಂಬತ್ತೊಂಬತ್ತನೇ ಹೆದ್ದಾರಿಯಲ್ಲಿ
ಮೆಕ್‌ಫಾರ್ಲಂಡಿನವರೆಗೆ ಹೋಗಿ ಬಂದಿದ್ದಾಳೆ, ಮೂರು ಸಲ.
ಹೊರಗೆ ಎಂಬತ್ತೊಂದು. ಡಬ್ಬಿಯೊಳಗೆ ಎಂಬತ್ತನಾಲ್ಕು.

ಮೂರೇ ಡಿಗ್ರಿ.
ಮೂವತ್ತು ವರ್ಷ ಈ ಕೌಂಟರಿನ ಹಿಂದೆ ನಿಂತು
ಎಷ್ಟು ಜನಕ್ಕೆ ಮೂಗಿಗಿಂತ ಭಾರದ ಮೂಗುತಿ ತೊಡಿಸಿ ಕಳಿಸಿದೆನೋ!
ಯಾರೂ ಸೂಜಿ ತಂದಿರಲಿಲ್ಲ.

'ಹಾಗಾದರೆ ಹತ್ತೊಂಬತ್ತು ಡಾಲರಿನ ಕಾಗದದ ಫಿಲ್ಟರು ಸಾಕು,' ಅಂದೆ,
ಕಮಿಷನ್ನಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು.
ಹಳೆಯದನ್ನು ಬಿಚ್ಚಿ ನೆಲಕ್ಕೆ ಕುಟ್ಟಿದೆ:
ಗಂಧಕದ ಪುಡಿ, ಬಾದಾಮಿ ಕೊಯ್ಲಿನ ಧೂಳು,
ಒಂದು ಪತಂಗ, ರೆಕ್ಕೆಯ ಕಣ್ಣು ಇನ್ನೂ ತೆರೆದೇ.

ಅವಳು ಬಗ್ಗಿ ನೋಡಿದಳು. ಎದ್ದಳು.
ಗಿಡ್ಡ ಕೊಳವೆಯನ್ನು ಎತ್ತಿಕೊಂಡು ಕಿವಿಗೆ ಹಿಡಿದಳು.
'ಸದ್ದಿಗೆ ಎಷ್ಟು? ಬರೀ ಸದ್ದಿಗೆ?'

'ಇನ್ನೂರ ಹತ್ತು. ಇದಕ್ಕೆ ಸರ್ಕಾರದ ಚೀಟಿ ಇಲ್ಲ.'

'ಹತ್ತು ಗಂಟೆ ಆ ಫ್ಯಾನುಗಳ ಕೆಳಗೆ ಇರುತ್ತೇನೆ.
ಊದುತ್ತವೆ, ಊದುತ್ತವೆ, ಊದುತ್ತಲೇ ಇರುತ್ತವೆ.
ಏನಾದರೂ ಒಂದು, ಉಸಿರು ಒಳಕ್ಕೆ ಎಳೆದುಕೊಳ್ಳುವುದು ಕೇಳಬೇಕು ನನಗೆ.
ಹಳೇ ಡಬ್ಬಿ ಅಮ್ಮನ ವಾಷಿಂಗ್ ಮಷೀನಿನ ಹಿಂದೆ ಇರುತ್ತದೆ.
ಎರಡು ವರ್ಷಕ್ಕೊಮ್ಮೆ, ಪರೀಕ್ಷೆಯ ಹಿಂದಿನ ರಾತ್ರಿ...'

ನನಗೆ ಅದು ಕೇಳಿಸಲಿಲ್ಲ. ಚಾವಣಿ ನೋಡುತ್ತಿದ್ದೆ.

ಟೈರು ಸವೆದಿದೆ ಎಂದೆ. 'ಬರುವ ತಿಂಗಳು,' ಅಂದಳು.
ಇಪ್ಪತ್ತರ ನೋಟು ಹನ್ನೊಂದು, ಉಳಿದದ್ದು ಚಿಲ್ಲರೆ,
ಒಂದೊಂದೇ ನಾಣ್ಯ ಗಾಜಿನ ಮೇಲೆ ಸಾಲಾಗಿ.

ಈಗ ರಾತ್ರಿ ಎರಡರ ಮೇಲೆ ಸೆಸಿಲ್ ಅವೆನ್ಯೂ ಸಿಗ್ನಲ್ಲಿನಿಂದ
ಒಂದು ಕಾರು ಹೊರಡುತ್ತದೆ. ಎರಡನೇ ಗೇರಿನಲ್ಲಿ
ಮುದುಕನೊಬ್ಬ ಸಾಸರಿನಿಂದ ಬಿಸಿ ಚಹಾ
ಸೊರ್ರನೆ ಹೀರಿದ ಹಾಗೆ ಬೀದಿಯನ್ನೇ ಹೀರುತ್ತದೆ.
ಡೋರೀನ್ ಮಗ್ಗುಲು ಬದಲಿಸಿ 'ಯಾವನವನು?' ಅನ್ನುತ್ತಾಳೆ.
'ಅವನಲ್ಲ,' ಅನ್ನುತ್ತೇನೆ.
ಕಿಟಕಿ ತೆಗೆದೇ ಇದೆ. ಗಾಳಿ ಎಂಬತ್ತೊಂದು ಇರಬಹುದು.